ಬಿಡಿಸಲು ಬಂದವರೂ ನಲ್ಲಿಯಕ್ಕನೂ

ಏಯ್, ಆಚೆ ಬದಿಯವರೇ! ಮಹಡಿ ಮೇಲೆ ಬಟ್ಟೆ ಹಿಂಡುತ್ತಿರುವವರೇ, ಅಂಗಡಿ ಬಾಗಿಲು ಅರ್ಧ ಎಳೆದು ಒಳಗೆ ಕೂತವರೇ! ಕೈಕೆಲಸ ಬಿಡಬೇಡಿ, ಕಿವಿ ಮಾತ್ರ ಇತ್ತ ಕೊಡಿ. ನಲ್ಲಿಯಕ್ಕನ ಒಂದು ದಿನದ ಕತೆ ಹೇಳುತ್ತೇನೆ.

ಗಂಡ ತೀರಿಕೊಂಡ ಮೇಲೆ ಅವನ ಪಾನಾ-ಇಕ್ಕಳಗಳ ಚೀಲ ಹೆಗಲಿಗೇರಿಸಿ ಪೈಪಿನ ಕೆಲಸಕ್ಕಿಳಿದವಳು ಅವಳು. ಯಾರನ್ನೂ ನಂಬುವ ಪೈಕಿಯಲ್ಲ. ಗೋಡೆ ಇಲ್ಲಿ ಒದ್ದೆಯಾದರೆ ಪೈಪು ಒಡೆದಿರುವುದು ಇನ್ನೆಲ್ಲೋ. ದಿನಾ ಅದನ್ನೇ ನೋಡುವವಳಿಗೆ ಮನುಷ್ಯರ ಮಾತೂ ಒದ್ದೆ ಗೋಡೆಯ ಹಾಗೇ ಕಾಣುತ್ತಿತ್ತು. ಬಾಡಿಗೆಗೆ ಬಂದವರನ್ನು ಅಳೆಯಲು ಅವಳದೇ ಒಂದು ಲೆಕ್ಕವಿತ್ತು. ನೆಲೆ ನಿಲ್ಲುವವರು ಪೈಪು ಎಳೆಸುತ್ತಾರೆ, ಗಂಟು ಕಟ್ಟಿ ಹೊರಡುವವರು ಟ್ಯಾಂಕರ್ ಸಾಕೆನ್ನುತ್ತಾರೆ.

ದೇಶ ಎರಡಾಗಿ ಹೊಡೆದಾಡುತ್ತಿದ್ದ ಕಾಲ. ಅವಳ ಒಬ್ಬನೇ ತಮ್ಮನನ್ನು ಸರ್ಕಾರದ ಸಿಪಾಯಿಗಳು ಸಂತೆಯಿಂದಲೇ ಎತ್ತಿಕೊಂಡು ಹೋಗಿದ್ದರು. ಮುಚ್ಚಿದ ನೂಲಿನ ಗಿರಣಿಯಲ್ಲಿ ಅಂಥವರನ್ನು ಕೂಡಿಹಾಕಿದ್ದಾರೆಂದು ಊರಿಗೇ ಗೊತ್ತು. ರೇಡಿಯೋದಲ್ಲಿ ಮಾತ್ರ ಗಿರಣಿ ಖಾಲಿ. ಆ ಖಾಲಿ ಗಿರಣಿಯ ಪಂಪು ಕೆಟ್ಟಾಗಲೆಲ್ಲ ನಲ್ಲಿಯಕ್ಕನಿಗೆ ಕರೆ ಬರುತ್ತಿತ್ತು, ಊರಲ್ಲಿ ಉಳಿದಿದ್ದ ಪೈಪಿನವಳು ಅವಳೊಬ್ಬಳೇ. ಹೋದಾಗ ದೂರದಿಂದ ತಮ್ಮನು ಬಕೆಟ್ ಹೊರುವುದು ಕಾಣುತ್ತಿತ್ತು. ಈಚೆಗೆ ಅವನ ಎಡಗೈ ಮೇಲೇಳುತ್ತಿರಲಿಲ್ಲ.

ಆಗಲೇ ಹೊರದೇಶದ ಪಡೆ ಬಂತು, ಬಿಳಿ ಗಾಡಿಗಳ ಸಾಲು. ಊರು ಚಪ್ಪಾಳೆ ಹೊಡೆಯಿತು. ಅಮ್ಮ ಬಾಗಿಲಲ್ಲಿ ನಿಂತು ಅತ್ತೇಬಿಟ್ಟಳು.

"ಇನ್ನು ನಿನ್ ತಮ್ಮ ಬರ್ತಾನೆ ನೋಡೇ."

"ಚಪ್ಪಾಳೆಗೇನು ಕಾಸಾ ಖರ್ಚಾ? ಇವರಿಗೆ ನಮ್ಮೂರ ಮೇಲೆ ಈಗ್ಯಾಕಮ್ಮ ಇಷ್ಟು ಪ್ರೀತಿ ಉಕ್ತು? ಪಕ್ಕದೂರಿಗೂ ಬಿಡಿಸ್ತೀವಿ ಅಂತ್ಲೇ ಬಂದ್ರು. ಮೇಲಿಂದ ಬಾಂಬ್ ಹಾಕಿ, ಸೆರೆ ಒಳಗಿದ್ದೋರೂ ಸತ್ಮೇಲೆ ವಿಷಾದ ಅಂದ್ರು."

"ನದಿಯಾಚೆ ಊರಿಗೆ ಬಿಡಿಸೋಕೆ ಯಾರೂ ಬರ್ಲಿಲ್ಲ, ಸಿಪಾಯಿಗಳು ಎಲ್ರನ್ನೂ ಮುಗಿಸಿದ್ರು. ಅಲ್ಲಿ ವಿಷಾದ ಅಂತ ಕೇಳಿಸ್ಕೊಳ್ಳೋಕೂ ಒಬ್ರು ಉಳೀಲಿಲ್ವಲ್ಲೇ. ಪಕ್ಕದ ಮನೇಲಿ ಹೆಂಡ್ತಿನ ಸಾಯೋ ಹಾಗೆ ಹೊಡೀತಿದ್ರೆ, ಅವರ ಮನೆ ವಿಷ್ಯ ಅಂತ ಸುಮ್ನಿರ್ತೀಯಾ?"

"ಬಾಗಿಲು ಬಡೀತೀನಿ. ಮನೆಗೇ ಬೆಂಕಿ ಇಡಲ್ಲ."

"ಬಾಗಿಲು ತೆಗೀದಿದ್ರೆ?"

ನಲ್ಲಿಯಕ್ಕ ಚೀಲದೊಳಗಿನ ಪಾನಾಗಳನ್ನು ಒಂದೊಂದಾಗಿ ಒರೆಸತೊಡಗಿದಳು.

ಮಾರನೆಯ ಬೆಳಿಗ್ಗೆ ಆ ಪಡೆಯಿಂದಲೇ ಕರೆ ಬಂತು. ಹಳೇ ಬ್ಯಾಂಕ್ ಕಟ್ಟಡದಲ್ಲಿ ಅವರ ಠಾಣೆ, ಅಲ್ಲಿ ನಲ್ಲಿ ಸೋರುತ್ತಿದೆಯಂತೆ. ಹೋಗಿ ನೋಡಿದರೆ ಮಡಚುವ ಮಂಚಗಳು. ಪೆಟ್ಟಿಗೆಗಳ ಹಗ್ಗ ಕೂಡ ಬಿಚ್ಚಿಲ್ಲ. ವಾಷರ್ ಬದಲಿಸುತ್ತಾ ಕೇಳಿದಳು, "ರಸ್ತೆಯಿಂದ ಪೈಪ್ ಎಳೀಲಾ? ಎರಡು ದಿನದ ಕೆಲಸ."

ಪಕ್ಕದಲ್ಲಿದ್ದ ದುಭಾಷಿ, ಮೊದಲು ಇದೇ ಊರಲ್ಲಿ ಮಾಸ್ತರಾಗಿದ್ದವರು, ಕ್ಯಾಪ್ಟನ್‌ಗೆ ಹೇಳಿ ಉತ್ತರ ತಂದರು. "ಬೇಡವಂತಮ್ಮ. ಟ್ಯಾಂಕರ್ ಸಾಕಂತೆ."

ಇವರೂ ಗಂಟು ಕಟ್ಟುವವರೇ ಸರಿ ಎಂದುಕೊಂಡು ಅವಳು ನಲ್ಲಿ ಬಿಗಿದಳು.

ಆಮೇಲೆ ಕ್ಯಾಪ್ಟನ್ ಮೇಜಿನ ಮೇಲೆ ನಕ್ಷೆ ಹರಡಿದ. ಅದರಲ್ಲಿ ಗಿರಣಿ, ಅಂಗೈಯಷ್ಟು.

"ಜನರನ್ನ ಎಲ್ಲಿಟ್ಟಿದಾರೆ ಅಂತ ಕೇಳ್ತಿದಾರೆ. ನೀವು ಒಳಗೆ ಹೋಗಿ ಬರ್ತೀರಂತಲ್ಲ."

"ಯಾರು ಹೇಳಿದ್ದು? ನನ್ನ ಕರೆದಿದ್ದು ನಲ್ಲಿಗಾ, ಇದಕ್ಕಾ?"

ಮಾಸ್ತರು ಮುಖ ಬೇರೆ ಕಡೆ ತಿರುಗಿಸಿದರು.

"ಗೇಟಿಂದ ಬರ್ತಾರಾ, ಮೇಲಿಂದ ಬರ್ತಾರಾ? ಅದನ್ನ ಕೇಳಿ ಮಾಸ್ತ್ರೇ."

"ಮೊದ್ಲು ಮೇಲಿಂದ, ಆಮೇಲೆ ಗೇಟಿಂದ ಅಂತೆ. ಜನ ಎಲ್ಲಿದಾರೆ ಗೊತ್ತಾದ್ರೆ ಆ ಜಾಗ ತಪ್ಪಿಸಿ ಹೊಡೀತಾರಂತೆ."

"ತಪ್ಪಿಸ್ತೀವಿ ಅಂತ ಪಕ್ಕದೂರಲ್ಲೂ ಅಂದಿದ್ರು."

ಕ್ಯಾಪ್ಟನ್ ನಕ್ಷೆಯನ್ನು ಅವಳತ್ತ ಸರಿಸಿದ. ನೋಡಲು ಒಳ್ಳೆಯವನ ಹಾಗೇ ಇದ್ದ, ಅದೂ ಅವಳಿಗೆ ಅನುಮಾನವೇ. ಸುಳ್ಳು ಹೇಳಿಬಿಡೋಣವೇ? ಹೇಳಿದರೆ ಆ ಸುಳ್ಳಿನ ಜಾಗ ಉಳಿದು ತಮ್ಮನ ಮೇಲೇ ಬಾಂಬು ಬಿದ್ದೀತು. ಬಾಯಿ ಮುಚ್ಚಿಕೊಂಡಿರೋಣವೇ? ಇವರು ಬರದೆ, ಗಿರಣಿಯಲ್ಲೇ ತಮ್ಮನ ಇನ್ನೊಂದು ಕೈಯೂ ಹೋದೀತು. ಕೊನೆಗೆ ನಿಜವನ್ನೇ ಹೇಳಿ, ನೂಲಿಗೆ ಬಣ್ಣ ಹಾಕುತ್ತಿದ್ದ ಹಿಂಬದಿಯ ಶೆಡ್ಡಿನ ಮೇಲೆ ಬೆರಳಿಟ್ಟಳು. ಹೊರಡುವಾಗ ಮಾಸ್ತರು ಮೆಟ್ಟಿಲವರೆಗೂ ಬಂದು, "ನಾಳೆ ಮಾತ್ರ ಆ ಕಡೆ ಕೆಲಸಕ್ಕೆ ಹೋಗ್ಬೇಡಿ ಅಕ್ಕ" ಎಂದು ಉಸುರಿ ಒಳಗೆ ನಡೆದರು.

ಅಂದರೆ ನಾಳೆಯೇ. ಮನೆಗೆ ಹೋಗದೆ, ಕೆಲಸಕ್ಕೆಂದು ತಂದಿದ್ದ ಏಣಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಅವಳು ನೇರ ಗಿರಣಿಗೆ ನಡೆದಳು.

"ನಾವು ಕರೀಲೇ ಇಲ್ಲ, ಯಾಕ್ ಬಂದೆ?" ಎಂದ ಗೇಟಿನ ಹವಾಲ್ದಾರ.

"ಬಣ್ಣದ ಶೆಡ್ಡಿನ ಸಂಪಲ್ಲಿ ಹೋದ್ಸಲ ವಾಸನೆ ಹೊಡೀತಿತ್ತು. ಇಲಿ ಸತ್ತಿರ್ಬೇಕು. ನಿಮ್ಮ ಟೀಗೂ ಅದೇ ನೀರಲ್ವಾ ಸಾಹೇಬ್ರೆ?"

ಹವಾಲ್ದಾರ ಕೈಲಿದ್ದ ಲೋಟದೊಳಗೆ ಇಣುಕಿ, ಉಳಿದದ್ದನ್ನು ಚೆಲ್ಲಿದ. "ಹೋಗು, ಪೂರ್ತಿ ಖಾಲಿ ಮಾಡು."

ಆ ಸಂಪು ಹಿಂದೆ ಬಣ್ಣದ ಕೆಲಸಕ್ಕೆಂದು ನೆಲದಡಿ ಕಟ್ಟಿಸಿದ್ದು; ಒಂದು ಮನೆಯಷ್ಟು ಅಗಲ, ಮೊಳ ದಪ್ಪದ ಗೋಡೆ. ಪಂಪು ಹಚ್ಚಿ ನೀರನ್ನೆಲ್ಲ ಚರಂಡಿಗೆ ಬಿಟ್ಟಳು. ತಳದಲ್ಲಿ ಉಳಿದದ್ದನ್ನು ಎತ್ತಿ ಹಾಕಲು ಕೈದಿಗಳು ಬೇಕಾದರು. ಹಾಗೆ ತಮ್ಮನೂ ಬಕೆಟ್ ಹಿಡಿದು ಅವಳ ಪಕ್ಕಕ್ಕೇ ಬಂದ. ಗಡ್ಡದಲ್ಲಿ ಮುಖವೇ ಕಾಣುತ್ತಿರಲಿಲ್ಲ.

ಅವಳು ತಲೆ ಎತ್ತದೆ ಪಿಸುಗುಟ್ಟಿದಳು, "ಮೇಲೆ ವಿಮಾನದ ಸದ್ದು ಕೇಳಿದ ತಕ್ಷಣ ಎಲ್ರನ್ನೂ ಕರ್ಕೊಂಡು ಇದರೊಳಗೆ ಇಳಿ."

"ಯಾರಕ್ಕ ಬರ್ತಿರೋದು?"

"ನಿಮ್ಮನ್ನ ಬಿಡಿಸೋರು."

"ಬಿಡಿಸೋರು ಬಂದ್ರೆ ನಾವ್ಯಾಕೆ ಬಚ್ಚಿಟ್ಕೋಬೇಕು?"

"ಬಿಡಿಸೋರು ಬರ್ತಿದಾರೆ ಅಂತ್ಲೇ ಬಚ್ಚಿಟ್ಕೋ ಅಂತಿರೋದು ಕಣೋ, ದಡ್ಡ."

ಅವನು ನಗಲು ಹೋಗಿ ಕೆಮ್ಮಿದ. ಸಿಪಾಯಿ ಗದರಿದ, ಬಕೆಟ್ ಮೇಲೆ ಹೋಯಿತು.

ಸಂಪು ಬರಿದಾದ ಮೇಲೆ ಅವಳು ಮುಚ್ಚಳವನ್ನು ಪಕ್ಕಕ್ಕೆ ಸರಿಸಿ, ಒಳಗೆ ಒಣಗಬೇಕು, ಎರಡು ದಿನ ಯಾರೂ ಮುಚ್ಚಕೂಡದು ಎಂದು ಎಲ್ಲರಿಗೂ ಕೇಳುವಂತೆ ಕೂಗಿ ಹೇಳಿದಳು. ಚೀಲ ಹೆಗಲಿಗೇರಿಸಿ ಗೇಟಿನ ಕಡೆ ಹೆಜ್ಜೆ ಹಾಕಿದಳು.

"ಏಯ್, ಏಣಿ ಸಂಪಿನೊಳಗೇ ಬಿಟ್ಯಲ್ಲ!" ಎಂದು ಕೂಗಿದ ಹವಾಲ್ದಾರ.

"ಇರ್ಲಿ ಬಿಡಿ ಸಾಹೇಬ್ರೆ, ನಾಳೆ ಬಂದು ತಗೊಂಡು ಹೋಗ್ತೀನಿ" ಎಂದು ಅವಳು ಸೈಕಲ್ ಹತ್ತಿದಳು.