ಗುರುವಾರದ ಊಟ ಮತ್ತು ಒಂದು ಉಬ್ಬಿದ ಚೀಲ

ನಾನು ಅನುಮಾನದ ಮನುಷ್ಯ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ. ಹಾಲಿನವನು ನಕ್ಕರೆ ಇವತ್ತು ನೀರು ಜಾಸ್ತಿ ಬೆರೆಸಿದ್ದಾನೆ ಅಂದುಕೊಳ್ಳುತ್ತೇನೆ. ನಗದಿದ್ದರೆ, ನಿನ್ನೆ ಬೆರೆಸಿದ್ದು ನನಗೆ ಗೊತ್ತಾಗಿದೆ ಎಂದು ಅವನಿಗೆ ಗೊತ್ತಾಗಿದೆ ಅಂದುಕೊಳ್ಳುತ್ತೇನೆ. ನಮ್ಮ ಮನೆಯಲ್ಲಿ ಇದಕ್ಕೆ ‘ಶಕ್’ ಎಂದು ಹೆಸರು. ‘ನಿಮ್ಮ ಶಕ್ ಸಕ್ಕರೆ ಕಾಯಿಲೆ ಇದ್ದಂಗೆ ನೋಡ್ರಿ, ಊಟಕ್ಕೆ ಮುಂಚೆ ಒಂದಿಷ್ಟು, ಊಟ ಆದ ಮೇಲೆ ಇನ್ನೊಂದಿಷ್ಟು’ ಎನ್ನುತ್ತಾಳೆ ನನ್ನ ಹೆಂಡತಿ ಶಮೀಮ್. ಗುರುವಾರದ ಮಟ್ಟಿಗಂತೂ ಆ ಮಾತು ಅಕ್ಷರಶಃ ನಿಜ.

ಗುರುವಾರ ನಮ್ಮ ಸೇವಾ ಕ್ಲಬ್ಬಿನ ದಿನ. ದಾವಣಗೆರೆಯ ಒಂದು ಹೋಟೆಲಿನ ಮಹಡಿಯ ಮೇಲೆ ಮಧ್ಯಾಹ್ನ ಒಂದು ಗಂಟೆಗೆ ಸೇರುತ್ತೇವೆ. ಮೊದಲು ಊಟ, ಆಮೇಲೆ ಹೊರಗಿನಿಂದ ಬಂದ ಅತಿಥಿಯೊಬ್ಬರ ಭಾಷಣ, ಎರಡಕ್ಕೆ ಸರಿಯಾಗಿ ಅಧ್ಯಕ್ಷರು ಮೇಜಿನ ಮೇಲಿನ ಹಿತ್ತಾಳೆ ಗಂಟೆ ಬಾರಿಸಿದರೆ ಸಭೆ ಮುಗಿಯಿತು. ಅಧ್ಯಕ್ಷರು ಹಲ್ಲಿನ ಡಾಕ್ಟರು. ಎರಡೂಕಾಲಕ್ಕೆ ಯಾರದೋ ಬಾಯಿ ತೆರೆದುಕೊಂಡು ಅವರಿಗಾಗಿ ಕಾಯುತ್ತಿರುತ್ತದೆ. ನಾನು ಕಾರ್ಯದರ್ಶಿ. ನನ್ನದು ನೋಟ್‌ಬುಕ್ಕು, ಪೆನ್ನು, ಕಾಗದದ ಅಂಗಡಿ. ನನ್ನ ಯೋಗ್ಯತೆ ನೋಡಿ ಈ ಹುದ್ದೆ ಕೊಟ್ಟರೋ, ರಿಜಿಸ್ಟರು ಪುಸ್ತಕ ಬಿಟ್ಟಿ ಸಿಗುತ್ತದೆಂದು ಕೊಟ್ಟರೋ ಎಂಬ ಶಕ್ ಇನ್ನೂ ಬಗೆಹರಿದಿಲ್ಲ.

ಅತಿಥಿಗಳನ್ನು ಹುಡುಕಿ ತರುವುದು ನನ್ನ ಕೆಲಸ. ಸಭೆಯ ವರದಿ ಬರೆಯುವುದೂ ನನ್ನದೇ. ಇಲ್ಲೊಂದು ಗುಟ್ಟು ಹೇಳಿಬಿಡುತ್ತೇನೆ. ಆ ವರದಿಯನ್ನು ನಾನು ಬುಧವಾರವೇ ಬರೆದಿಡುತ್ತೇನೆ. ‘ಅತಿಥಿಗಳು ಮನಮುಟ್ಟುವಂತೆ ಮಾತನಾಡಿದರು. ಸದಸ್ಯರು ಆಸಕ್ತಿಯಿಂದ ಆಲಿಸಿದರು.’ ಇಷ್ಟು ವರ್ಷದಲ್ಲಿ ಈ ಎರಡು ವಾಕ್ಯವನ್ನು ತಿದ್ದುವ ಪ್ರಸಂಗ ಬಂದಿಲ್ಲ. ವಂದನಾರ್ಪಣೆಯೂ ಹಾಗೆಯೇ, ಹೆಸರಿನ ಜಾಗ ಖಾಲಿ ಬಿಟ್ಟು ಮೊದಲೇ ಟೈಪು ಮಾಡಿಸಿದ್ದು.

ಕಾಲೇಜಿನಲ್ಲಿ ನಾನು ತರ್ಕಶಾಸ್ತ್ರ ಓದಿದವನು. ನಮ್ಮ ಹಳೆಯ ತಾರ್ಕಿಕರು ಸಂಶಯವನ್ನು ತುಂಬ ಗೌರವದಿಂದ ಕಂಡವರು. ಸಂಶಯವಿಲ್ಲದೆ ವಿಚಾರವೇ ಹುಟ್ಟುವುದಿಲ್ಲ ಎಂದವರು. ಅವರು ಕೊಡುವ ಉದಾಹರಣೆ ಮಬ್ಬುಗತ್ತಲಲ್ಲಿ ದೂರಕ್ಕೆ ಕಾಣುವ ಒಂದು ಆಕೃತಿ. ಅದು ಮೋಟು ಕಂಬವೋ, ನಿಂತ ಮನುಷ್ಯನೋ? ಪಾಪ, ಅವರು ನಮ್ಮ ಗುರುವಾರದ ಸಭೆಯನ್ನು ನೋಡಿರಲಿಲ್ಲ. ಜೋಳದ ರೊಟ್ಟಿ, ಎಣ್ಣೆಗಾಯಿ, ಮೇಲೆ ಎರಡು ಹೋಳಿಗೆ ಇಳಿಸಿ ಭಾಷಣಕ್ಕೆ ಕೂತ ನಮ್ಮ ಸದಸ್ಯರನ್ನು ಹಗಲು ಬೆಳಕಿನಲ್ಲಿ ನೋಡಿದ್ದರೂ ಕಂಬವೆಂದೇ ತೀರ್ಮಾನಿಸುತ್ತಿದ್ದರು.

ಈ ಕಂಬಗಳ ನಡುವೆ ಒಬ್ಬ ಮನುಷ್ಯ ಕಂಡದ್ದೇ ನನ್ನ ಶಕ್‌ಗೆ ಕಾರಣವಾಯಿತು. ಕೊನೆಯ ಮೇಜಿನಲ್ಲಿ ಒಬ್ಬರೇ ಕೂತಿರುತ್ತಿದ್ದರು. ವಯಸ್ಸು ಅರವತ್ತು ದಾಟಿದೆ, ಕಪ್ಪು ಮೈ, ಅಗಲ ಹೆಗಲು, ಇಸ್ತ್ರಿಯ ಗೆರೆ ಮಾಸದ ಬಿಳಿ ಅಂಗಿ. ಭಾಷಣ ಶುರುವಾದರೆ ಬೆನ್ನು ನೆಟ್ಟಗೆ ಮಾಡಿ ಕೂತು ಕೇಳುತ್ತಿದ್ದರು. ಮೂತ್ರಕೋಶದ ಕಲ್ಲಿನ ಬಗ್ಗೆ ಒಬ್ಬರು ಅರ್ಧ ಗಂಟೆ ಮಾತಾಡಿದಾಗಲೂ ಆಕಳಿಸಲಿಲ್ಲ. ಮತ್ತು ಅವರ ಕಾಲ ಬಳಿ ಯಾವಾಗಲೂ ಒಂದು ಉಬ್ಬಿದ ಬಟ್ಟೆಚೀಲ.

ಯಾರಿವರು? ಅಧ್ಯಕ್ಷರನ್ನು ಕೇಳಿದೆ. ‘ನಿಮ್ಮ ಗೆಸ್ಟ್ ಅಲ್ಲೇನ್ರಿ? ನಾನು ಎಲ್ಲೋ ನೋಡಿದಂಗೈತೆ ಅಂದ್ಕೊಂಡು ವಾರ ವಾರ ನಮಸ್ಕಾರ ಮಾಡ್ತೀನಿ’ ಎಂದರು. ನಮ್ಮಲ್ಲಿ ಯಾವ ಸದಸ್ಯನಾದರೂ ತನ್ನ ಜೊತೆ ಒಬ್ಬರನ್ನು ಊಟಕ್ಕೆ ಕರೆತರಬಹುದು. ಅವರನ್ನು ಯಾರು ಎಂದು ಕೇಳುವುದು ಅಮರ್ಯಾದೆ. ಹಾಗಾಗಿ ಎಲ್ಲರೂ ಅವರನ್ನು ಇನ್ನೊಬ್ಬರ ಅತಿಥಿ ಎಂದುಕೊಂಡು ಆದರದಿಂದ ಬಡಿಸುತ್ತಿದ್ದರು. ಸಂದರ್ಶಕರ ಪುಸ್ತಕದಲ್ಲಿ ಪ್ರತಿವಾರ ಅವರ ಸಹಿ ಇತ್ತು. ಅದು ಸಹಿಯೋ ಪೆನ್ನು ಜಾರಿದ್ದೋ ಹೇಳುವಂತಿರಲಿಲ್ಲ.

ಬಿಟ್ಟಿ ಊಟದ ಗಿರಾಕಿ ಎಂದು ಮೊದಲು ತೀರ್ಮಾನಿಸಿದೆ. ಆದರೆ ಅವರು ತಿನ್ನುತ್ತಿದ್ದದ್ದು ಒಂದು ರೊಟ್ಟಿ, ಒಂದು ಹಿಡಿ ಮೊಸರನ್ನ. ಅಂದಮೇಲೆ ಉಳಿದದ್ದು ಚೀಲಕ್ಕೆ ಹೋಗುತ್ತಿರಬೇಕು. ಒಂದು ಗುರುವಾರ ಭಾಷಣ ಬಿಟ್ಟು ಚೀಲವನ್ನೇ ಕಾದೆ. ಅದರೊಳಗೆ ಒಂದು ಹೋಳಿಗೆಯೂ ಹೋಗಲಿಲ್ಲ. ನನಗೆ ನಿರಾಸೆಯಾಯಿತು. ಹಾಗಾದರೆ ವಿಮೆ ಏಜೆಂಟರೇ? ಏಳು ವಾರ ಬಾಯಿ ಬಿಡದ ಏಜೆಂಟನನ್ನು ದೇವರು ಇನ್ನೂ ಸೃಷ್ಟಿಸಿಲ್ಲ. ನಮ್ಮ ಸದಸ್ಯರನ್ನು ಎಳೆದುಕೊಳ್ಳಲು ಬೇರೆ ಕ್ಲಬ್ಬಿನವರು ಬಿಟ್ಟ ಗೂಢಚಾರರೇ? ‘ಹೋಗಿ ಕೇಳಿಬಿಡ್ರಲ್ಲ’ ಎಂದಳು ಶಮೀಮ್. ಅನುಮಾನದ ಮನುಷ್ಯ ಹಾಗೆ ನೇರವಾಗಿ ಕೇಳಿಬಿಟ್ಟರೆ ಅವನಿಗೆ ಉಳಿಯುವುದಾದರೂ ಏನು?

ಮುಂದಿನ ಗುರುವಾರ ಗಂಟೆ ಬಾರಿಸಿದ ಮೇಲೆ ನಾನು ಅವರ ಹಿಂದೆ ಹೊರಟೆ. ಅವರು ಬಸ್‌ಸ್ಟ್ಯಾಂಡಿಗೆ ಹೋದರು, ನಾನೂ ಹೋದೆ. ಅವರು ಹರಿಹರದ ಬಸ್ಸು ಹತ್ತಿದರು, ನಾನೂ ಹತ್ತಿದೆ. ಹಿಂದಿನ ಸೀಟಿಗೆ ನುಸುಳಬೇಕೆನ್ನುವಷ್ಟರಲ್ಲಿ ಅವರೇ ತಿರುಗಿ, ‘ಓಹೋ, ಸೆಕ್ರೆಟರಿ ಸಾಹೇಬ್ರು! ಬರ್ರಿ, ಇಲ್ಲೇ ಕೂಡ್ರಿ’ ಎಂದು ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡು ಜಾಗ ಮಾಡಿದರು. ಪತ್ತೇದಾರಿಕೆ ಅಲ್ಲಿಗೆ ಮುಗಿಯಿತು.

ಬಾತಿ ದಾಟುವ ತನಕ ಬಿಸಿಲಿನ ಬಗ್ಗೆ ಮಾತಾಡಿದೆವು. ಆಮೇಲೆ ಅವರೇ ಮೆಲ್ಲಗೆ, ‘ಸಾಹೇಬ್ರೆ, ಒಂದು ಮಾತು ಕೇಳ್ತೀನಿ, ತಪ್ಪು ತಿಳೀಬ್ಯಾಡ್ರಿ. ಬರೋ ವಾರನಾದ್ರೂ ನನ್ನ ಪಾಳಿ ಬರ್ತೈತೇನ್ರಿ?’ ಎಂದರು.

‘ಯಾವ ಪಾಳಿ?’

‘ಮಾತಾಡೋದು. ನಾನು ದುರುಗಪ್ಪ, ಕಡರನಾಯಕನಹಳ್ಳಿಯೋನು. ನೀವೇ ಫೋನ್ ಮಾಡಿ ಕರೆದಿದ್ರಲ್ಲ.’

ನನ್ನ ಮುಖದ ಬಣ್ಣ ಏನಾಯಿತೋ ನನಗೆ ಗೊತ್ತಿಲ್ಲ. ಹೌದು, ನಾನೇ ಕರೆದಿದ್ದೆ. ನನ್ನ ಅಂಗಡಿಗೆ ಸುತಲಿ ದಾರ ಕಳಿಸುವ ಹರಿಹರದ ವ್ಯಾಪಾರಿಯೊಬ್ಬರು, ಮೊದಲು ಹರಿಗೋಲು ನಡೆಸುತ್ತಿದ್ದ ದುರುಗಪ್ಪ ಎನ್ನುವವರಿದ್ದಾರೆ, ಹೊಳೆಯಲ್ಲಿ ಮುಳುಗುವವರನ್ನು ಎಳೆದು ತರುತ್ತಾರೆ ಎಂದು ನಂಬರು ಕೊಟ್ಟಿದ್ದರು. ಅವರು ಬಂದ ಗುರುವಾರ ನಾನು ಮದುವೆಯೊಂದಕ್ಕೆ ಹೋಗಿದ್ದೆ. ಅವತ್ತು ಸದಸ್ಯರ ಹುಟ್ಟುಹಬ್ಬಕ್ಕೆ ಗುಲಾಬಿ ಕೊಡುವುದು, ಹೊಸಬರ ಪರಿಚಯ, ಹಳಬರ ಸನ್ಮಾನ ಎಲ್ಲ ಆಗಿ ಇವರ ಸರದಿ ಬರುವಷ್ಟರಲ್ಲಿ ಎರಡು ಗಂಟೆ. ಶಾಲು ಹೊದಿಸಿದರು, ವಂದನಾರ್ಪಣೆ ಓದಿದರು, ಅಧ್ಯಕ್ಷರು ಕೈ ಹಿಡಿದು ‘ಮುಂದಿನ ವಾರ ಖಂಡಿತ ಕೇಳೋಣ’ ಎಂದು ಗಂಟೆ ಬಾರಿಸಿದರು.

ದುರುಗಪ್ಪ ಮುಂದಿನ ವಾರ ಬಂದರು. ಅದರ ಮುಂದಿನ ವಾರವೂ ಬಂದರು. ಗಿಡಗಳ ನರ್ಸರಿಯ ಕೂಲಿಗೆ ಅರ್ಧ ದಿನ ರಜೆ ಹಾಕಿ, ಎರಡು ಬಸ್ಸು ಹಿಡಿದು, ಎಂಟು ಗುರುವಾರ.

‘ಬಾಯಿಬಿಟ್ಟು ಕೇಳಬಾರದಿತ್ತೇನ್ರಿ?’ ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

‘ದೊಡ್ಡ ದೊಡ್ಡೋರು ಬರ್ತಿದ್ರು. ಅವರದ್ದು ಮುಗೀಲಿ ಅಂತ ಸುಮ್ನಿದ್ದೆ. ಆದ್ರ ಇನ್ನ ಹದಿನೈದು ದಿನಕ್ಕ ಸಾಲಿ ರಜಾ ಬಿಡ್ತಾರ. ಮಕ್ಕಳೆಲ್ಲ ಹೊಳಿಗೆ ಬರ್ತಾವು. ಅದಕ್ಕ ಅವಸರ.’ ಚೀಲದ ಬಾಯಿ ಬಿಚ್ಚಿದರು. ಒಳಗೆ ಐದು ಲೀಟರಿನ ಅಡುಗೆ ಎಣ್ಣೆಯ ಖಾಲಿ ಕ್ಯಾನು, ಅದರ ಹಿಡಿಗೆ ಬಿಗಿದ ಉದ್ದನೆಯ ಹಗ್ಗ. ‘ಹೋದ ಬ್ಯಾಸಗಿ ಇಬ್ರು ಒಟ್ಟಿಗೆ ಮುಳುಗಿದ್ರು. ಒಬ್ಬನ್ನ ದಡಕ್ಕ ತಂದೆ. ಇನ್ನೊಬ್ಬನ ಹತ್ರ ಹೋಗೋದ್ರೊಳಗ...’ ಹಗ್ಗವನ್ನು ಮತ್ತೆ ಸುತ್ತಿ ಚೀಲಕ್ಕೆ ತುರುಕಿದರು. ‘ನನ್ನ ತೋಳು ಸೋಲ್ತಾವ್ರಿ ಈಗ. ಹಗ್ಗಕ್ಕ ವಯಸ್ಸಾಗಲ್ಲ’ ಎಂದರು.

ಮನೆಗೆ ಬಂದು ರಿಜಿಸ್ಟರು ತೆಗೆದೆ. ಎಂಟು ವಾರದ ಹಿಂದಿನ ಪುಟದಲ್ಲಿ ನನ್ನ ದುಂಡು ಅಕ್ಷರ ಹೊಳೆಯುತ್ತಿತ್ತು. ‘ಶ್ರೀ ದುರುಗಪ್ಪನವರು ಮನಮುಟ್ಟುವಂತೆ ಮಾತನಾಡಿದರು. ಸದಸ್ಯರು ಆಸಕ್ತಿಯಿಂದ ಆಲಿಸಿದರು.’ ಕ್ಲಬ್ಬಿನ ಲೆಕ್ಕದಲ್ಲಿ ಅವರ ಭಾಷಣ ಆಗಿಹೋಗಿತ್ತು. ಇನ್ನು ಯಾರು ಕರೆಯುತ್ತಾರೆ? ಊರಿನವರನ್ನೆಲ್ಲ ಅನುಮಾನಿಸಿದವನು ನನ್ನ ಕೈಬರಹವೊಂದನ್ನು ಮಾತ್ರ ಪೂರ್ತಿ ನಂಬಿದ್ದೆ. ನಾಚಿಕೆಯಾಯಿತು. ಆ ರಾತ್ರಿಯ ಊಟ ನನಗೆ ರುಚಿಸಲಿಲ್ಲ.

ಮರು ಗುರುವಾರ ಭಾಷಣವನ್ನು ಊಟಕ್ಕಿಂತ ಮುಂಚೆ ಇಟ್ಟೆ. ಕ್ಲಬ್ಬಿನಲ್ಲಿ ಸಣ್ಣ ದಂಗೆಯೇ ಆಯಿತು. ದುರುಗಪ್ಪ ಮೈಕು ಬೇಡವೆಂದರು. ‘ಮುಳುಗೋರ ಹತ್ರ ಈಜು ಬರದೋರು ಹೋಗಬ್ಯಾಡ್ರಿ, ಅವರು ನಿಮ್ಮನ್ನೂ ಎಳ್ಕೊಂತಾರ. ದಡದಾಗ ನಿಂತು ಇದನ್ನ ಒಗೀರಿ. ಬರೀ ಖಾಲಿ ಕ್ಯಾನು ಗಾಳಿಗೆ ದೂರ ಹೋಗಲ್ಲ, ಒಳಗ ಎರಡು ಲೋಟ ನೀರು ಇರ್ಲಿ’ ಎಂದವರೇ ಕ್ಯಾನನ್ನು ಬೀಸಿ ಎಸೆದರು. ಅದು ಮೂರು ಮೇಜು ದಾಟಿ, ಊಟವಿಲ್ಲದಿದ್ದರೂ ಅಭ್ಯಾಸಬಲದಿಂದ ತೂಕಡಿಸುತ್ತಿದ್ದ ಸದಸ್ಯರೊಬ್ಬರ ಮಡಿಲಿಗೆ ಬಿತ್ತು. ‘ಹಿಡ್ಕೊಳ್ರಿ!’ ಎಂದು ಕೂಗಿದರು. ಆ ಸದಸ್ಯರು ಬೆಚ್ಚಿ ಎರಡೂ ಕೈಯಲ್ಲಿ ತಬ್ಬಿಕೊಂಡರು. ದುರುಗಪ್ಪ ಹಗ್ಗ ಎಳೆದರು. ಸದಸ್ಯರು ಕುರ್ಚಿ ಸಮೇತ ಎರಡಡಿ ಮುಂದೆ ಬಂದರು. ಇಡೀ ಸಭೆಯೇ ನಕ್ಕಿತು. ‘ಇಷ್ಟೇ ನೋಡ್ರಿ. ಹೊಳಿಗೆ ಇಳಿಯೋ ಒಂದೊಂದು ಮೆಟ್ಟಿಲ ಹತ್ರ ಒಂದೊಂದು ನೇತುಹಾಕಬೇಕು’ ಎಂದು ಕೂತುಬಿಟ್ಟರು. ನಾಲ್ಕು ನಿಮಿಷ ಆಗಿತ್ತು. ಸಭೆಯಲ್ಲಿ ಒಂದು ಕಂಬವೂ ಉಳಿದಿರಲಿಲ್ಲ, ಎಲ್ಲರೂ ಮನುಷ್ಯರಾಗಿದ್ದರು.

ಅಧ್ಯಕ್ಷರು ಎದ್ದು ನಿಂತು, ‘ಮುಂದಿನ ವಾರ ಎಲ್ಲರೂ ಮನೆಯಿಂದ ಒಂದೊಂದು ಕ್ಯಾನು ತರೋಣ, ಖಂಡಿತ’ ಎಂದರು. ಚಪ್ಪಾಳೆ ಬಿತ್ತು. ದುರುಗಪ್ಪ ಚಪ್ಪಾಳೆ ತಟ್ಟಲಿಲ್ಲ. ನನ್ನ ಕಡೆ ಬಾಗಿ, ಮೆಲ್ಲಗೆ, ನಿಜವಾಗಿಯೂ ತಿಳಿದುಕೊಳ್ಳುವ ಆಸೆಯಿಂದ ಕೇಳಿದರು: ‘ಸಾಹೇಬ್ರೆ, ಈ ಮುಂದಿನ ವಾರ ಹೆಂಗ್ರಿ? ಆವತ್ತು ಹೇಳಿದ್ರಲ್ಲ, ಅಂಥಾದ್ದೇನು?’

ನಮ್ಮ ಜೊತೆ ಇಷ್ಟು ಗುರುವಾರ ಊಟ ಮಾಡಿದ ಪುಣ್ಯಾತ್ಮನಿಗೂ ಶಕ್ ಅಂಟಿತ್ತು. ‘ಛೆ, ಅಂಥಾದ್ದಲ್ಲ’ ಎಂದೆ. ಹಾಗೆಂದದ್ದನ್ನು ನಾನೇ ನಂಬಲಿಲ್ಲ.

ಮನೆಗೆ ಬಂದು, ನಡೆದದ್ದನ್ನು ಹೇಳುತ್ತಲೇ ಅಡುಗೆಮನೆಯಲ್ಲಿ ಮುಕ್ಕಾಲು ತುಂಬಿದ್ದ ಎಣ್ಣೆ ಕ್ಯಾನನ್ನು ಸಿಕ್ಕ ಸಿಕ್ಕ ಪಾತ್ರೆಗೆಲ್ಲ ಸುರಿಯತೊಡಗಿದೆ. ಶಮೀಮ್ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತು ಕೇಳಿದಳು, ‘ಬೇಕಾಗಿರೋದು ಮುಂದಿನ ವಾರ ತಾನೆ? ಖಾಲಿ ಆದಮೇಲೆ ಒಯ್ಯಬಹುದಲ್ಲ?’

‘ಆ ಕ್ಲಬ್ಬಿನ ಕಾರ್ಯದರ್ಶಿ ನನಗೆ ಚೆನ್ನಾಗಿ ಗೊತ್ತು’ ಎಂದೆ. ‘ಅವನನ್ನು ನಂಬೋ ಹಾಗಿಲ್ಲ.’

ಮರುದಿನ ಬೆಳಗ್ಗೆ ಅಂಗಡಿ ತೆರೆಯುವ ಮುಂಚೆ ಹರಿಹರದ ಬಸ್ಸು ಹತ್ತಿದೆ. ತೊಡೆಯ ಮೇಲೆ ಉಬ್ಬಿದ ಚೀಲ. ಪಕ್ಕದ ಸೀಟಿನವರು ಅದನ್ನು ಓರೆಗಣ್ಣಿನಿಂದ ಎರಡು ಸಲ ನೋಡಿ, ತಮ್ಮ ಚೀಲವನ್ನು ಸ್ವಲ್ಪ ಆಚೆ ಸರಿಸಿಕೊಂಡರು.