ಸೋಮವಾರ ಅಮ್ಮ ತಂದ ಬ್ಯಾಗು

ನಾನು ಯಾರ ದನಿಯಲ್ಲಾದರೂ ಮಾತಾಡಬಲ್ಲೆ. ಕುಡಿತ ಬಿಡಲೆಂದು ಕೆಂಗೇರಿ ಕಡೆಯ ಕೇಂದ್ರವೊಂದಕ್ಕೆ ಸೇರಿದ್ದಾಗ, ಅಲ್ಲಿನ ಕೌನ್ಸೆಲರ್ ಗಂಟಲು ಸರಿಮಾಡಿಕೊಂಡು "ನೋಡಿ, ಇದು ಕಾಯಿಲೆ, ಕೆಟ್ಟತನ ಅಲ್ಲ" ಎನ್ನುವುದನ್ನು ಅವರಿಗಿಂತ ಚೆನ್ನಾಗಿ ನಾನೇ ಹೇಳುತ್ತಿದ್ದೆ. "ನನ್ ಥರ ಮಾತಾಡೋದು ಬಂತು ಗುರು, ನಾನ್ ಹೇಳಿದ್ ಮಾಡೋದು ಯಾವಾಗ?" ಎಂದರು ಒಮ್ಮೆ. ಆ ಪ್ರಶ್ನೆಯನ್ನೂ ಅವರದೇ ದನಿಯಲ್ಲಿ ರೂಮಿನವರಿಗೆ ಕೇಳಿಸಿ ಚಪ್ಪಾಳೆ ಗಿಟ್ಟಿಸಿದೆ. ಉತ್ತರ ಮಾತ್ರ ಕೊಡಲಿಲ್ಲ.

ಮಾರೇನಹಳ್ಳಿಯ ಮನೆಗೆ ವಾಪಸು ಬಂದಾಗ ಅಲ್ಲಿ ಯಾರೂ ಇರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಉಳಿದಿದ್ದು ನಾನು, ಅಮ್ಮ. ನನ್ನ ಕುಡಿತ ನೋಡಲಾರದೆ ಅವಳು ಅನ್ನಪೂರ್ಣೇಶ್ವರಿ ನಗರದ ಅಕ್ಕನ ಮನೆ ಸೇರಿದ್ದಳು. ಮಗಳ ಮನೆಯಲ್ಲಿ ಇರುವುದು ಅವಳಿಗೆ ಸಂಕೋಚ. ಅಳಿಯ ಆಫೀಸಿನಿಂದ ಬಂದರೆ ಸೋಫಾ ಬಿಟ್ಟೆದ್ದು ಅಡುಗೆಮನೆಯಲ್ಲಿ ನಿಲ್ಲುತ್ತಾಳೆ ಎಂದು ಅಕ್ಕ ಹೇಳಿದ್ದಳು. "ನಾಲ್ಕ್ ತಿಂಗ್ಳು ನೆಟ್ಟಗಿರು, ನಾನೇ ಬಂದ್ಬಿಡ್ತೀನಿ" ಎಂದಿದ್ದಳು ಅಮ್ಮ. ಅಲ್ಲಿಯವರೆಗೆ ಸೋಮವಾರ ಬೆಳಿಗ್ಗೆ ಮಾತ್ರ ಬಂದು, ಪಕ್ಕದಲ್ಲಿ ಕೂರಿಸಿಕೊಂಡು ಲಿಂಗಪೂಜೆ ಮಾಡಿಸಿ, ರೊಟ್ಟಿ ತಿನ್ನಿಸಿ ಹೋಗುತ್ತಿದ್ದಳು.

ಉಳಿದ ಆರು ದಿನ ನನಗೆ ನಾನೇ ಜೊತೆ. ಬೆಳಿಗ್ಗೆ ಅಮ್ಮನ ದನಿಯಲ್ಲಿ "ಏಳೋ ಕತ್ತೆ, ನೀರ್ ಬಿಟ್ಟವ್ರೆ" ಎಂದು ಕೂಗಿ, ನನ್ನ ದನಿಯಲ್ಲಿ "ಐದ್ ನಿಮಿಷಮ್ಮ" ಎನ್ನುತ್ತಿದ್ದೆ. ಒಮ್ಮೆ ಪಕ್ಕದ ಮನೆಯವರು ಕಿಟಕಿಯಿಂದ "ಅಮ್ಮ ಬಂದ್ರೇನಪ್ಪಾ?" ಎಂದು ಕೇಳಿದರು. "ಇಲ್ಲ ಆಂಟಿ, ಟಿವಿ" ಎಂದೆ. ನಮ್ಮ ಟಿವಿಯನ್ನು ನಾನು ಕುಡಿಯಲಿಕ್ಕೆ ಮಾರಿದ್ದು ಇಡೀ ಬೀದಿಗೆ ಗೊತ್ತಿತ್ತು.

ನಾಲ್ಕು ತಿಂಗಳು ತುಂಬುವ ಹಿಂದಿನ ದಿನ, ಭಾನುವಾರ. ಮನೆ ಒರೆಸಿದೆ. ಅಮ್ಮನ ಮಂಚಕ್ಕೆ ಹೊಸ ಬೆಡ್‌ಶೀಟು ಹಾಸಿದೆ. ಆಮೇಲೆ ಕೆಲಸವೇ ಇರಲಿಲ್ಲ. ಆ ಮಂಚ ನೋಡುತ್ತ ಕೂತವನಿಗೆ, ನಾಳೆಯಿಂದ ಅವಳು ದಿನವೂ ನನ್ನ ಮುಖ ನೋಡುತ್ತಾಳೆ, ಒಂದು ದಿನವೂ ತಪ್ಪುವಂತಿಲ್ಲ ಎನ್ನಿಸಿ ಹೆದರಿಕೆಯಾಯಿತು. ಮಾಗಡಿ ರಸ್ತೆಯ ಬಾರಿಗೆ ಹೊರಟೆ. ಹೊರಡುವ ಮುಂಚೆ, ಹಿಂದೆಲ್ಲ ಮಾಡುತ್ತಿದ್ದಂತೆ, ಕೊರಳಿನ ಲಿಂಗವನ್ನು ಅದರ ಪುಟ್ಟ ಡಬ್ಬಿ, ಕರಡಿಗೆ ಸಮೇತ ತೆಗೆದು ದೇವರ ಗೂಡಿನಲ್ಲಿಟ್ಟೆ. ಅದನ್ನು ಕಟ್ಟಿಕೊಂಡು ಕುಡಿಯುವಷ್ಟು ಕೆಟ್ಟವನಲ್ಲ ನಾನು. ಕುಡುಕನಾದರೂ ಆಚಾರವಂತ.

ಬೆಳಿಗ್ಗೆ ಮೂರು ಸಲ ಹಲ್ಲುಜ್ಜಿ, ಏಲಕ್ಕಿ ಅಗಿದು ಬಾಗಿಲು ತೆರೆದೆ. ಅಮ್ಮನ ಕೈಯಲ್ಲಿ ಬಟ್ಟೆಬರೆಯ ದೊಡ್ಡ ಬ್ಯಾಗು. ನನಗೆ ಗೊತ್ತಿರುವುದರಲ್ಲೇ ಕಷ್ಟದ ಮಿಮಿಕ್ರಿ ಶುರುಮಾಡಿದೆ, ಕುಡಿಯದ ಮಗನದು. "ಬಾಮ್ಮ ಬಾ, ಬಸ್ ರಶ್ಶಿತ್ತಾ? ಕಾಫಿ ಇಡ್ಲಾ?" ದನಿ ಎಲ್ಲೂ ಒಡೆಯಲಿಲ್ಲ. ಅಮ್ಮ ಬ್ಯಾಗು ಕೆಳಗಿಟ್ಟು ನಕ್ಕಳು ಕೂಡ. ಆಮೇಲೆ ನನ್ನ ಕೊರಳು ನೋಡಿದಳು.

"ಲಿಂಗ ಎಲ್ಲೋ?"

ಮತ್ತೆ ಕಟ್ಟಿಕೊಳ್ಳುವುದನ್ನೇ ಮರೆತಿದ್ದೆ. "ದಾರ ಕಿತ್ತೋಯ್ತಮ್ಮ. ಹೊಸದ್ ತರ್ಬೇಕು."

ಅವಳು ಗೂಡಿನಿಂದ ಕರಡಿಗೆ ತಂದಳು. ಶಿವದಾರವನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು. ಗಟ್ಟಿಯಾಗಿಯೇ ಇತ್ತು.

"ಕುಡಿಯೋಕ್ ಹೋಗೋವಾಗ ಇದನ್ನ ತೆಗ್ದಿಟ್ಟೆ. ನನ್ನೂ ಹಿಂಗೇ ತೆಗ್ದಿಟ್ಟು ಹೋದ್ಯೇನೋ?"

ಯಾರ ದನಿಯೂ ನೆರವಿಗೆ ಬರಲಿಲ್ಲ. "ನಿನ್ನೆ ಕುಡಿದೆ ಅಮ್ಮ" ಎಂದೆ. ಅವಳು ದಾರವನ್ನು ಕರಡಿಗೆಗೆ ಸುತ್ತತೊಡಗಿದಳು. ಇನ್ನೊಮ್ಮೆ ಹೇಳಿದೆ.

"ಕೇಳಿಸ್ತು ಕಣೋ. ಸ್ನಾನ ಮಾಡ್ಕೊಂಡ್ ಬಾ ಹೋಗು."

ಪೂಜೆಗೆ ಕೂರಿಸಿದಳು. ಲಿಂಗವನ್ನು ನನ್ನ ಅಂಗೈಯಲ್ಲಿಟ್ಟಳು. ಅದು ಬೀಳದಂತೆ ತನ್ನ ಕೈಯನ್ನು ಕೆಳಗೆ ಒಡ್ಡಿದಳು. ರೊಟ್ಟಿಯನ್ನೂ ತಟ್ಟಿದಳು. ಬಾಗಿಲ ಬಳಿಯ ಬ್ಯಾಗನ್ನು ಮಾತ್ರ ಒಳಗೆ ತರಲಿಲ್ಲ.

ಬಸ್‌ಸ್ಟಾಪಿನವರೆಗೆ ಅದನ್ನು ನಾನೇ ಹೊತ್ತೆ.

"ಅಕ್ಕಂಗೆ ಏನಂತೀಯ?"

"ಇದ್ದದ್ದನ್ನ ಅಂತೀನಿ. ನಿನ್ನಷ್ಟು ಚೆನ್ನಾಗ್ ಸುಳ್ ಹೇಳೋಕೆ ಬರಲ್ಲ ನಂಗೆ."

"ಸೋಮವಾರ ಬರ್ತೀಯಲ್ಲ?"

"ಬರ್ತೀನಿ. ಬರೀ ಕೈಯಲ್ಲಿ ಬರ್ತೀನಿ."

ಬಸ್ಸು ಬಂತು. ಅವಳು ಹತ್ತಿ, ತಿರುಗಿ ನಿಂತು ಬ್ಯಾಗಿಗೆ ಕೈ ಚಾಚಿದಳು. ನಾನು ಹಿಡಿದೇ ನಿಂತಿದ್ದೆ. "ಕೊಡಿ ಸಾರ್, ಬೇಗ!" ಎಂದು ಕಂಡಕ್ಟರ್ ರೇಗಿದರು. ಕೊಟ್ಟೆ.