ಮಾಳಿಗೆಯ ಬಿಳಿ ಮಣ್ಣು

ಶ್ರಾವಣದ ನಡುಮಳೆಯಲ್ಲಿ ಸೋಜರಬಾಯಿ ಸಲಿಕೆ ಹಿಡಿದು ಮಾಳಿಗೆ ಹತ್ತಿದಾಗ ಇಡೀ ಓಣಿ ಕೆಲಸ ಬಿಟ್ಟು ತಲೆ ಎತ್ತಿ ನಿಂತಿತು. ಮನೆ ಸೋರದಿರಲೆಂದು ವರ್ಷವರ್ಷವೂ ಮಳೆಗೆ ಮುಂಚೆ ಮಣ್ಣಿನ ಮಾಳಿಗೆಗೆ ಬಿಳಿ ಮಣ್ಣು ಹಾಕುವುದು ತೇರಣಾ ನದಿ ದಂಡೆಯ ಊರುಗಳಲ್ಲಿ ಮುತ್ತಜ್ಜನ ಕಾಲದ ಪದ್ಧತಿ. ತೆಗೆದವರನ್ನು ಯಾರೂ ಕಂಡಿರಲಿಲ್ಲ. ಇಪ್ಪತ್ತೆರಡು ವರ್ಷ ಬುಟ್ಟಿ ಹೊತ್ತು ಊರ ಮಾಳಿಗೆಗಳಿಗೆಲ್ಲ ಮಣ್ಣು ಸುರಿದವಳೇ ಈಗ ತೆಗೆಯಲು ನಿಂತಿದ್ದಳು!

"ತಲಿ ಕೆಟ್ಟದೇನ ನಿಂದು?" ಎಂದು ಕೆಳಗಿನಿಂದ ದಗಡೂ ಕೂಗಿದ. ತೀರಿಹೋದ ಗಂಡನ ಅಣ್ಣ ಅವನು. ಒಂದೇ ಕಲ್ಲಿನ ಮನೆ, ನಡುವೆ ಗೋಡೆ. ಅರ್ಧ ಅವನದು, ಅರ್ಧ ಇವಳದು.

"ತಲಿ ನೆಟ್ಟಗದ ಭಾವಾ, ಅದಕ್ಕ ಹತ್ತೀನಿ. ಒಂದೂವರಿ ಮೊಳ ಮಣ್ಣು ಕುಂತದ ಇಲ್ಲಿ. ಇದರ ಬುಡಕ ನನ್ನ ಮಗಳು ಮಲಗತಾಳ."

ಮಗಳು ಶೇವಂತಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಒಂದು ವರ್ಷದಿಂದ ನೆಲದೊಳಗೆ ಗುಡುಗಿನ ಸದ್ದು, ಮೇಲೆ ನಡುಕ. ಮೊದಮೊದಲು ಅಂಗಳಕ್ಕೆ ಓಡುತ್ತಿದ್ದ ಜನ ಈಗ "ನೆಲದಾಗ ಅಜ್ಜಿ ಜ್ವಾಳ ಬೀಸಾಕತ್ತಾಳ" ಎಂದು ನಕ್ಕು ಮಗ್ಗುಲು ಬದಲಿಸುತ್ತಿದ್ದರು. ಹಿಂದಿನ ವಾರ ಅಂಥದೊಂದು ನಡುಕಕ್ಕೆ ಕಂಬ ಎರಡು ಬೆರಳು ಸರಿದು, ಶೇವಂತಾಳ ಹೊಟ್ಟೆಯ ಮೇಲೆ ಮಣ್ಣು ಉದುರಿತ್ತು. ಅಂದಿನಿಂದ ಸೋಜರಬಾಯಿಗೆ ನಿದ್ದೆಯಿಲ್ಲ.

ನಡುಕದ ವಿಚಾರಣೆಗೆ ನಕಾಶೆ ಹಿಡಿದ ಸರಕಾರಿ ಸಾಹೇಬನೊಬ್ಬ ಊರಿಗೆ ಬಂದು ಹೋಗಿದ್ದ. "ಭೂಕಂಪ ಆಗೂದು ಹಿಮಾಲಯದ ಕಡೆ. ನಿಮ್ಮ ಬುಡಕ ಗಟ್ಟಿ ಕರಿಕಲ್ಲು ಅದ. ನಕಾಶೆದಾಗ ನಿಮ್ಮೂರಿಗೆ ಭಯ ಇಲ್ಲ" ಎಂದಿದ್ದ.

"ನಕಾಶೆ ಬರೆದವರು ನಮ್ಮ ಮಾಳಗಿ ಬುಡಕ ಎಷ್ಟ ದಿನಾ ಮಲಗಿದ್ರೀ ಸಾಹೇಬ್ರ?" ಎಂದು ಕೇಳಿದ್ದಳು ಸೋಜರಬಾಯಿ. ಜನ ಗೊಳ್ಳೆಂದು ನಕ್ಕರು. ಸಾಹೇಬ ನಕಾಶೆ ಮಡಚಿಕೊಂಡು ಜೀಪು ಹತ್ತಿದ.

ಮೂರು ದಿನ ಮಣ್ಣು ಕೆಳಗೆ ಎಸೆದು, ತೊಲೆಗಳ ಮೇಲೆ ಜೋಳದ ದಂಟು ಹೊದಿಸಿದಳು. ಮನೆ ಸೋರಿತು. ಸೋರದೆ ಇರುತ್ತದೆಯೇ? ತಾಯಿ ಮಗಳು ಮೂಲೆಯಲ್ಲಿ ಗೋಣಿಚೀಲ ಹೊದ್ದು ಕೂತರು.

"ನಿನ್ನ ಮಗಳು ಮೀನು ಹಡಿತಾಳ ನೋಡು!" ಎಂದ ದಗಡೂ. ಓಣಿಯವರು ಬಿದ್ದು ಬಿದ್ದು ನಕ್ಕರು.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಪುಕ್ಕಟೆ ಬಿಳಿ ಮಣ್ಣು ಕಣ್ಣೆದುರು ಬಿದ್ದಿರುವಾಗ ದಗಡೂ ಸುಮ್ಮನಿದ್ದಾನೆಯೇ? ಬುಟ್ಟಿಬುಟ್ಟಿ ತುಂಬಿ ತನ್ನ ಅರ್ಧದ ಮೇಲೆ ಸುರಿಯತೊಡಗಿದ. ಸೋಜರಬಾಯಿ ಓಡಿಹೋಗಿ ಬುಟ್ಟಿ ಹಿಡಿದಳು.

"ಬ್ಯಾಡ ಭಾವಾ, ಕಾಲ ಬೀಳತೀನಿ."

"ನಿನ್ನಂಥಾ ಅಂಜುಬುರುಕಿ ಮಾತು ಕೇಳಿ ನಾ ಮಳ್ಯಾಗ ನೆನೀಲೇನ? ಸರಿ ಅತ್ತಾಗ."

ಅವಳಿಗೆ ರೋಷ ಉಕ್ಕಿತು. ಬುಟ್ಟಿ ಬಿಟ್ಟಳು. "ಹಾಕ್ಕೋರಿ! ನಿಮ್ಮ ತಲಿ ನಿಮ್ಮದು, ನನಗೇನು!"

ಗಣಪತಿ ಕಳಿಸಿದ ಮರುದಿನ, ಕೋಳಿ ಕೂಗುವ ಮುನ್ನ, ನೆಲ ಎದ್ದು ಬಿತ್ತು. ಸೋಜರಬಾಯಿಯ ಗೋಡೆಗಳು ಹೊರಕ್ಕೆ ಕಳಚಿದವು. ತೊಲೆ ಮತ್ತು ದಂಟು ಮೈಮೇಲೆ ಬಿದ್ದವು. ಮಗಳ ಕೈ ಹಿಡಿದು ತೆವಳುತ್ತ ಹೊರಬಂದಳು. ಆಚೆ, ದಗಡೂನ ಅರ್ಧ ಒಂದು ಮಣ್ಣಿನ ದಿಬ್ಬವಾಗಿತ್ತು. ಅದೇ ಸಲಿಕೆಯಿಂದ ಮಧ್ಯಾಹ್ನದವರೆಗೆ ಅಗೆದಳು. ಮೇಲಿನ ಪದರ ಇನ್ನೂ ಗಟ್ಟಿಯಾಗದ ಹಸಿ ಮಣ್ಣು. ಅದರ ಒಂದೊಂದು ಬುಟ್ಟಿಯ ಭಾರವೂ ಅವಳ ನೆತ್ತಿಗೆ ಗೊತ್ತಿತ್ತು. ಸಿಕ್ಕಾಗ ದಗಡೂ ತಣ್ಣಗಾಗಿದ್ದ.

ಮುಂದೆ ಸಾಹೇಬ ಮತ್ತೆ ಬಂದ, ಹೊಸ ನಕಾಶೆಯೊಂದಿಗೆ. ಅದರಲ್ಲಿ ಊರಿಗೆ ಬಣ್ಣ ಬಂದಿತ್ತು. ನೆಲ ನೋಡುತ್ತ, "ಈಗ ನಿಮ್ಮೂರೂ ಅಪಾಯದ ಲೆಕ್ಕಕ್ಕ ಬಂದದ, ಸೋಜರಬಾಯಿ" ಎಂದ.

"ನಾವು ಮೊದಲೂ ಇದ್ವಿ ಸಾಹೇಬ್ರ" ಎಂದಳು ಸೋಜರಬಾಯಿ.

ಮರುವರ್ಷ ವೈಶಾಖದಲ್ಲಿ, ಬಿರುಕುಬಿಟ್ಟರೂ ಉಳಿದಿದ್ದ ಕೆಳಗಿನ ಓಣಿಯ ಮನೆಗಳಿಗೆ ಜನ ಮತ್ತೆ ಬಿಳಿ ಮಣ್ಣು ಹೊರತೊಡಗಿದರು! ಆ ಓಣಿಯ ಗುಂಡೇರಾಯ ಬುಟ್ಟಿ ಹೊತ್ತು ಬಂದಾಗ ಅವನ ಏಣಿಯ ಮೊದಲ ಮೆಟ್ಟಿಲ ಮೇಲೆ ಸೋಜರಬಾಯಿ ಕೂತಿದ್ದಳು, ಸೊಂಟದಲ್ಲಿ ಏಳು ತಿಂಗಳ ಮೊಮ್ಮಗಳು.

"ಏಳ ಮೌಶಿ. ಮನಿ ಸೋರತದ. ಇಪ್ಪತ್ತ ಬುಟ್ಟಿ ಅಷ್ಟ."

"ಸೋರಲಿ. ನೆನದ ಮೈ ಒಣಗತದ."

"ನನ್ನ ಮನಿ, ನನ್ನ ತಲಿ! ನಿನಗೇನು?"

ಮೊಮ್ಮಗಳನ್ನು ನೆಲಕ್ಕೆ ಕೂರಿಸಿ ಅವಳು ಎದ್ದಳು. ಅವನ ತಲೆಯ ಮೇಲಿನ ಬುಟ್ಟಿಯನ್ನು ಕಿತ್ತು ಮಣ್ಣನ್ನೆಲ್ಲ ಚರಂಡಿಗೆ ಸುರಿದಳು.

"ಈ ಮಾತ ನಾ ಒಮ್ಮಿ ಅಂದೀನಿ, ಗುಂಡೇರಾಯಾ. ಅಂದು, ಬುಟ್ಟಿ ಕೈಬಿಟ್ಟೀನಿ" ಎಂದಳು. "ಇನ್ನೊಂದ್ ಬುಟ್ಟಿ ತಾ, ಅದನ್ನೂ ಚೆಲ್ಲತೀನಿ. ನಾಳೆನೂ ಬರತೀನಿ."

ಖಾಲಿ ಬುಟ್ಟಿ ಅವನ ಕೈಗಿಟ್ಟು, ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಮತ್ತೆ ಏಣಿಯ ಮೇಲೆ ಕೂತಳು.